ಮೂಡಗಾಳಿಯ ತಿಂಗಳುಗಳು

ಧನುರ್ಮಾಸದ ಬೆಳಗು, ಆರೂಕಾಲು ಗಂಟೆ. ಮೈಸೂರು ರಸ್ತೆಯ ಮೇಲೆ ಎತ್ತರದಲ್ಲಿರುವ ಕೆಂಗೇರಿ ಮೆಟ್ರೊ ನಿಲ್ದಾಣದಲ್ಲಿ ನಿಂತಿದ್ದೀರಿ. ಯಾವುದೋ ದೇವಸ್ಥಾನದ ಗಂಟೆ ಕೇಳಿಸುತ್ತದೆ, ಗೋಪುರ ಕಾಣುವುದಿಲ್ಲ. ಕಣಿವೆಯುದ್ದಕ್ಕೂ ಬೂದುಬಣ್ಣದ ಪದರವೊಂದು ನೆಲಕ್ಕೆ ಅಂಟಿ ಮಲಗಿದೆ. ಅಪಾರ್ಟ್‌ಮೆಂಟುಗಳ ಮೇಲಿನ ಮಹಡಿಗಳಷ್ಟೇ ಅದರಿಂದ ಹೊರಗಿವೆ. ಇದನ್ನು ಬರೀ ಮಂಜು ಎನ್ನಬೇಡಿ. ಮಂಜಿಗೆ ಡೀಸೆಲ್ಲಿನ ವಾಸನೆ ಇರುವುದಿಲ್ಲ, ಸುಟ್ಟ ಪ್ಲಾಸ್ಟಿಕ್ಕಿನ ಘಾಟು ಇರುವುದಿಲ್ಲ. ಇವೆರಡರ ನಡುವೆ ಆಗಾಗ ಮೂಗಿಗೆ ಅಡರುವ ಕೊಳೆತ ಮೊಟ್ಟೆಯ ವಾಸನೆ ಮೋರಿಯದು. ಕೊಳಚೆಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅದು.

ಕೆಳಗಿಳಿದು ಬನ್ನಿ. ರಸ್ತೆ ಬದಿಯಲ್ಲಿ ಯಾರೋ ಒಣ ಎಲೆ ಗುಡ್ಡೆ ಮಾಡಿ ಬೆಂಕಿ ಹಚ್ಚಿದ್ದಾರೆ. ಆ ಹೊಗೆಯನ್ನು ಸ್ವಲ್ಪ ಹೊತ್ತು ನೋಡಿ. ನೆಟ್ಟಗೆ ಮೇಲೇರುತ್ತದೆ, ಮರದ ನೆತ್ತಿಯವರೆಗೆ ಹೋಗುತ್ತದೆ, ಅಲ್ಲಿಂದ ಮುಂದೆ ಏರುವುದೇ ಇಲ್ಲ. ಬಾಗಿ, ಅಡ್ಡಡ್ಡಲಾಗಿ ಹರಡಿ, ಮೆಲ್ಲಗೆ ಕುಂಬಳಗೋಡಿನ ದಿಕ್ಕಿಗೆ ಸರಿಯುತ್ತದೆ. ಮೋಡವಿಲ್ಲದ ರಾತ್ರಿಯಲ್ಲಿ ನೆಲ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟಿದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗಿದೆ. ಅದರ ಮೇಲೆ ಕೊಂಚ ಬೆಚ್ಚಗಿನ ಗಾಳಿ ಪಾತ್ರೆಗೆ ತಟ್ಟೆ ಮುಚ್ಚಿದ ಹಾಗೆ ಕೂತಿದೆ. ರಾತ್ರಿಯೆಲ್ಲ ಓಡಿದ ಲಾರಿಗಳ ಹೊಗೆ, ಈಗಷ್ಟೇ ಹೊರಟ ಬಸ್ಸುಗಳ ಹೊಗೆ, ಈ ಎಲೆಯ ಹೊಗೆ, ಎಲ್ಲವೂ ಅದರಡಿಯಲ್ಲೇ ಸಿಕ್ಕಿಬಿದ್ದಿವೆ.

ಇದು ಬರೀ ಕೆಂಗೇರಿಯ ಹೊಗೆಯೂ ಅಲ್ಲ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿದವಳೆಂದು ಜನ ನಂಬುವ ವೃಷಭಾವತಿ, ಜ್ಞಾನಭಾರತಿಯ ಪಕ್ಕದಲ್ಲಿ ಹಾದು, ನೈಋತ್ಯಕ್ಕೆ ಇಳಿಯುತ್ತ ಇಲ್ಲಿಗೆ ಬರುತ್ತಾಳೆ. ಊರವರ ಬಾಯಲ್ಲಿ ಅವಳೀಗ ಕೆಂಗೇರಿ ಮೋರಿ. ಮೈಸೂರು ರಸ್ತೆ ಹಿಡಿದಿರುವುದೂ ಅದೇ ಕಣಿವೆಯನ್ನು. ತಣ್ಣನೆಯ ಗಾಳಿಗೂ ನೀರಿನ ಗುಣವೇ, ತಗ್ಗು ಕಂಡಲ್ಲಿ ಇಳಿಯುತ್ತದೆ. ಸಾಲದ್ದಕ್ಕೆ ಈ ತಿಂಗಳುಗಳಲ್ಲಿ ಬೀಸುವುದು ಮೂಡಣ, ಈಶಾನ್ಯದ ಗಾಳಿ. ಈಶಾನ್ಯಕ್ಕೆ ಇರುವುದು ಬೆಂಗಳೂರು. ನಗರದ ಕೊಳಚೆ ಬರುವ ದಾರಿಯಲ್ಲೇ ನಗರದ ಉಸಿರೂ ಬರುತ್ತದೆ. ಇದು ಅನ್ಯಾಯ ಎಂದೇ ನನಗೆ ಅನಿಸುತ್ತದೆ.

ಮಂಕಿಟೋಪಿ ಹಾಕಿಕೊಂಡ ಹಿರಿಯರು ಬಿರಬಿರನೆ ನಡೆಯುತ್ತ ನಿಮ್ಮನ್ನು ದಾಟಿಹೋಗುತ್ತಾರೆ. ಆರೋಗ್ಯಕ್ಕೆಂದು ಹೊರಟವರು ದಿನದ ಅತಿ ಕೆಟ್ಟ ಗಾಳಿಯನ್ನು ಎದೆ ತುಂಬ ಎಳೆದುಕೊಳ್ಳುತ್ತಿದ್ದಾರೆ. ತಿರುವಿನಲ್ಲಿ ಶಾಲಾ ವ್ಯಾನಿಗೆ ಕಾಯುತ್ತಿರುವ ಹುಡುಗಿಯ ಮುಖ ಸರಿಯಾಗಿ ಟೆಂಪೊ ಒಂದರ ಹೊಗೆಕೊಳವೆಯ ಎತ್ತರಕ್ಕಿದೆ. ಪಕ್ಕದ ಮೈಲಸಂದ್ರದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ ಕೇಂದ್ರವಿದೆ. ಸೂಕ್ಷ್ಮ ಕಣಗಳಿಗೆ, ಅಂದರೆ ಪಿಎಂ 2.5ಕ್ಕೆ, ನಮ್ಮ ದೇಶದ ಮಿತಿ ದಿನದ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಆದರೆ ಸರಾಸರಿಯೆಂದರೆ ಇಪ್ಪತ್ತನಾಲ್ಕು ಗಂಟೆಯದು. ಬೆಳಗಿನ ಏಳು ಗಂಟೆಯ ಗಾಳಿ ಮಧ್ಯಾಹ್ನದ ಗಾಳಿಯಲ್ಲಿ ಬೆರೆತು, ಸಂಜೆ ನೋಡುವಾಗ ಅಂಕಿ ಸೌಮ್ಯವಾಗಿ ಕಾಣುತ್ತದೆ. ಆ ಹುಡುಗಿ ಉಸಿರಾಡಿದ್ದು ಸರಾಸರಿಯನ್ನಲ್ಲ.

ಬಿಸಿಲೇರಿದಂತೆ ನೆಲ ಕಾಯುತ್ತದೆ, ಗಾಳಿ ಏಳುತ್ತದೆ, ಪದರ ಹರಿಯುತ್ತದೆ. ಹನ್ನೊಂದರ ಹೊತ್ತಿಗೆ ತುರಹಳ್ಳಿಯ ಬಂಡೆಗುಡ್ಡ ಸ್ಪಷ್ಟ.

ಶಿವರಾತ್ರಿಗೆ ಚಳಿ ಶಿವಶಿವ ಎನ್ನುತ್ತ ಓಡಿಹೋಗುತ್ತದೆ. ಆಮೇಲೆ ಮುಚ್ಚಳದ ಕಾಟ ಕಡಿಮೆ, ದೂಳಿನದು ಜಾಸ್ತಿ. ಅಗೆದು ಬಿಟ್ಟ ರಸ್ತೆಯ ಮಣ್ಣು ಹಲ್ಲಿನ ಸಂದಿಯಲ್ಲಿ ಕರಕರ ಎನ್ನುತ್ತದೆ. ಮಾವಿನ ಮಳೆ ಬಿದ್ದರೆ ಒಂದೆರಡು ದಿನ ನೆಮ್ಮದಿ.

ಆಷಾಢದಲ್ಲಿ ಇದೇ ಜಾಗಕ್ಕೆ ಬನ್ನಿ, ಕೊಡೆ ಬಿಚ್ಚಿದರೆ ಮಗುಚಿಕೊಳ್ಳುತ್ತದೆ. ಗಾಳಿ ದಿಕ್ಕು ಬದಲಿಸಿದೆ. ರಾಮನಗರದ ಬೆಟ್ಟಗಳ ಕಡೆಯಿಂದ ಪಡುವಣ ಗಾಳಿ ಹಗಲೂ ರಾತ್ರಿ ನುಗ್ಗುತ್ತಿದೆ. ಮೋಡದ ಹೊದಿಕೆ ಇರುವುದರಿಂದ ರಾತ್ರಿ ನೆಲ ಅಷ್ಟು ತಣ್ಣಗಾಗುವುದಿಲ್ಲ. ಜಡಿಮಳೆ ಕಣಗಳನ್ನು ತೊಳೆದು ಮೋರಿಗಿಳಿಸುತ್ತದೆ. ಲಾರಿಗಳೇನೂ ಕಡಿಮೆಯಾಗಿಲ್ಲ, ಅದೇ ರಸ್ತೆ, ಅದೇ ಡೀಸೆಲ್. ಆದರೂ ಉಸಿರು ಸರಾಗ. ನಮ್ಮ ಹೊಗೆ ಈಗ ನಗರವನ್ನು ದಾಟಿ ವೈಟ್‌ಫೀಲ್ಡ್, ಹೊಸಕೋಟೆಗಳ ಕಡೆಗೆ ಹೊರಟಿದೆ.

ಅಕ್ಟೋಬರಿನಲ್ಲಿ ಗಾಳಿ ಮತ್ತೆ ಮೂಡಣಕ್ಕೆ ತಿರುಗುತ್ತದೆ, ಬೆನ್ನಿಗೇ ದೀಪಾವಳಿಯ ಪಟಾಕಿ. ಗಾಳಿ ತಿರುಗುವ ಕಾಲ ಪ್ರತಿವರ್ಷ ಗೊತ್ತಿರುವುದೇ. ಹಾಗಿರುವಾಗ ಅಲ್ಲಿಂದ ಶಿವರಾತ್ರಿಯವರೆಗಾದರೂ ಈ ಕಣಿವೆಯಲ್ಲಿ ಎಲೆ, ಕಸ ಸುಡುವುದನ್ನು ಕಟ್ಟುನಿಟ್ಟಾಗಿ ನಿಲ್ಲಿಸಬೇಕು. ಮಂಡಳಿ ದಿನದ ಸರಾಸರಿಯ ಜೊತೆಗೆ ಬೆಳಗಿನ ಅಂಕಿಯನ್ನೂ ಬಸ್ ನಿಲ್ದಾಣದಲ್ಲಿ ಬರೆದು ಹಾಕಬೇಕು. ಶಾಲೆಗಳು ಬೆಳಗಿನ ಆಟದ ಪೀರಿಯಡ್ಡನ್ನು ಮಧ್ಯಾಹ್ನ ಮೂರಕ್ಕೆ ಸರಿಸಬೇಕು.