ಚಳಿಗಾಲದ ಮರುಭೂಮಿಗೆ ಹೊರಡುವ ಮುನ್ನ

ಮರುಭೂಮಿ ಎಂದೊಡನೆ ಸುಡುವ ಬಿಸಿಲು, ಮರಳು, ಒಂಟೆ ಇಷ್ಟೇ ನಮ್ಮ ಕಣ್ಣಮುಂದೆ ಬರುತ್ತದೆ. ಕಾಸರಗೋಡಿನ ಮಳೆಯಲ್ಲಿ ಬೆಳೆದ ನನಗೂ ಹಾಗೆಯೇ ಇತ್ತು. 2024ರ ನವೆಂಬರ್‌ನಲ್ಲಿ ನಾನೂ ನಮ್ಮವರೂ ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿರುವ ಮಗನ ಮನೆಗೆ ಹೋದಾಗ, ಸೊಸೆ ನಮಗಾಗಿ ತೆಗೆದಿಟ್ಟದ್ದು ಉಣ್ಣೆಯ ಟೊಪ್ಪಿ ಮತ್ತು ಕೈಗವಸು. "ಮರುಭೂಮಿಗೆ ಇದೆಲ್ಲ ಯಾಕೆ ಮಗಾ?" ಎಂದು ನಾನು ನಕ್ಕುಬಿಟ್ಟೆ.

ಕ್ರಿಸ್ಮಸ್ ಕಳೆದ ಮೇಲೆ ಮಗನಿಗೆ ಏಳು ದಿನ ರಜೆ. ಒಂದು ರಾತ್ರಿ ಊಟದ ಮೇಜಿನ ಮೇಲೆ ಭೂಪಟ ಹರಡಿ ಅವನು ತನ್ನ ಯೋಜನೆ ವಿವರಿಸಿದ. ಗ್ರ್ಯಾಂಡ್ ಕ್ಯಾನ್ಯನ್, ಮಾನ್ಯುಮೆಂಟ್ ವ್ಯಾಲಿ, ಯೂಟಾ ರಾಜ್ಯದ ಜಾಯನ್, ನೆವಾಡಾದ ಲಾಸ್ ವೇಗಸ್, ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ. ಏಳು ದಿನ, ನಾಲ್ಕು ರಾಜ್ಯ! "ರಸ್ತೆ ಒಳ್ಳೆಯದಿದೆ ಮಮ್ಮಿ, ಗಂಟೆಗೆ ನೂರು ಕಿಲೋಮೀಟರ್ ಸಲೀಸಾಗಿ ಹೋಗಬಹುದು" ಎಂದ. ಕೆಲವು ಕೋಣೆಗಳಿಗೆ ಹಣವನ್ನೂ ಕಟ್ಟಿದ್ದ.

ನಮ್ಮವರ ಮುಖ ಅರಳಿತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವರು ಅವರು. ಕೊಲೊರಾಡೊ ನದಿ ಕೊರೆದ ಆ ಕಣಿವೆಯನ್ನು ಕರಿಹಲಗೆಯ ಮೇಲೆ ಎಷ್ಟು ಬಾರಿ ಬರೆದಿದ್ದರೋ! ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಅವರ ಬಹುಕಾಲದ ಆಸೆ.

ಅದೇ ರಾತ್ರಿ ನನಗೆ ಎಚ್ಚರವಾದಾಗ ಅವರು ಬಚ್ಚಲುಮನೆಯಲ್ಲಿ ದೀಪ ಹಾಕದೆ ಇನ್‌ಹೇಲರ್ ಎಳೆಯುತ್ತಿದ್ದರು. ಎರಡು ತಿಂಗಳಿಂದ ಮೆಟ್ಟಿಲು ಹತ್ತಿದರೆ ಉಬ್ಬಸ ಬರುತ್ತಿತ್ತಂತೆ. "ಹೇಳಿದರೆ ನನ್ನಿಂದಾಗಿ ಎಲ್ಲರ ಪ್ರವಾಸ ನಿಂತೀತು. ನೀನೂ ಹೇಳಬೇಡ" ಎಂದರು. ನಾನು ಬೆಳಗಾಗುವವರೆಗೆ ಸುಮ್ಮನಿದ್ದು, ಕಾಫಿಯ ಹೊತ್ತಿಗೆ ಎಲ್ಲರ ಮುಂದೆ ಹೇಳಿಬಿಟ್ಟೆ. ಇವರು ತಲೆ ಎತ್ತಲಿಲ್ಲ. ಮಗ ಬಹಳ ಹೊತ್ತು ಮಾತಾಡದೆ ಕುಳಿತು, "ಪಪ್ಪಾ, ನನಗಾದರೂ ಹೇಳಬಾರದಿತ್ತೇ? ನೀವು ನೋಡಬೇಕೆಂದೇ ಅಲ್ಲವೇ ನಾನು ಇದನ್ನೆಲ್ಲ ಮಾಡಿದ್ದು?" ಎಂದ. ಆ ಮಾತಿಗೆ ನನ್ನ ಕಣ್ಣು ತುಂಬಿತು.

ಊರಿನ ನಮ್ಮ ಡಾಕ್ಟರರಿಗೆ ಫೋನ್ ಮಾಡಿದೆವು. ಒಂದೇ ದಿನದಲ್ಲಿ ತೀರಾ ಎತ್ತರಕ್ಕೆ ಹೋಗಬೇಡಿ, ಚಳಿಗಾಳಿಯಲ್ಲಿ ನಡೆಯಬೇಡಿ, ಔಷಧಿ ಡಿಕ್ಕಿಯಲ್ಲಲ್ಲ, ಕಿಸೆಯಲ್ಲಿರಲಿ ಎಂದರು. ಆಮೇಲೆ ಭೂಪಟವನ್ನು ಹೊಸ ಕಣ್ಣಿನಿಂದ ನೋಡಿದೆವು.

ಮೊದಲು ತಿಳಿದದ್ದು ಎತ್ತರದ ವಿಷಯ. ಫೀನಿಕ್ಸ್ ಸಮುದ್ರ ಮಟ್ಟದಿಂದ ಸುಮಾರು 330 ಮೀಟರ್ ಎತ್ತರದಲ್ಲಿದೆ. ಗ್ರ್ಯಾಂಡ್ ಕ್ಯಾನ್ಯನ್ನಿನ ದಕ್ಷಿಣ ಅಂಚು ಸುಮಾರು 2,100 ಮೀಟರ್, ಅಂದರೆ ಹೆಚ್ಚುಕಡಿಮೆ ನಮ್ಮ ಊಟಿಯಷ್ಟು. ಡಿಸೆಂಬರ್ ರಾತ್ರಿ ಅಲ್ಲಿ ನೀರು ಹೆಪ್ಪುಗಟ್ಟುತ್ತದೆ. ಟೊಪ್ಪಿ, ಕೈಗವಸಿನ ಅರ್ಥ ನನಗೆ ಆಗ ತಿಳಿಯಿತು. ಉತ್ತರ ಅಂಚು ಇನ್ನೂ ಎತ್ತರ. ಹಿಮದಿಂದಾಗಿ ಅಲ್ಲಿಗೆ ಹೋಗುವ ರಸ್ತೆಯನ್ನು ಚಳಿಗಾಲದಲ್ಲಿ ಮುಚ್ಚುತ್ತಾರೆ.

ಎರಡನೆಯದು ಹಗಲು. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಹುಟ್ಟುವಾಗ ಏಳೂವರೆ, ಮುಳುಗುವಾಗ ಐದೂಕಾಲು. ಕತ್ತಲಾದ ಮೇಲೆ ರಸ್ತೆಗೆ ಜಿಂಕೆಗಳು ಬರುತ್ತವೆ. ನೆರಳಿನ ತಿರುವುಗಳಲ್ಲಿ ತೆಳ್ಳಗೆ ಕಟ್ಟಿದ ಮಂಜುಗಡ್ಡೆ ಡಾಮರಿನ ಬಣ್ಣದಲ್ಲೇ ಬೆರೆತು ಕಣ್ಣಿಗೆ ಕಾಣುವುದಿಲ್ಲ. ಮಗ ಕಿಲೋಮೀಟರ್ ಎಣಿಸಿದ್ದನೇ ಹೊರತು ಬೆಳಕನ್ನು ಎಣಿಸಿರಲಿಲ್ಲ.

ನಾಲ್ಕು ರಾಜ್ಯ ಒಂದಾಯಿತು. ಮೊದಲೆರಡು ದಿನ ತಗ್ಗಿನಲ್ಲಿರುವ ಟೂಸಾನ್, ಮೂರನೆಯ ದಿನ ಮನೆಯಲ್ಲಿ ವಿಶ್ರಾಂತಿ, ನಾಲ್ಕನೆಯ ದಿನ ಸುಮಾರು 1,300 ಮೀಟರ್ ಎತ್ತರದ ಸೆಡೋನಾ. ಅಲ್ಲೇ ಮೂರು ರಾತ್ರಿ ಮಲಗಿ, ಐದನೆಯ ದಿನ ಕ್ಯಾನ್ಯನ್ ನೋಡಿ ಕತ್ತಲಾಗುವ ಮೊದಲು ಹಿಂತಿರುಗುವುದು. ಆರನೆಯ ದಿನ ಖಾಲಿ. "ಖಾಲಿ ದಿನ ಯಾಕೆ ಅಜ್ಜಿ?" ಎಂದಳು ಮೊಮ್ಮಗಳು. "ಬೇಕಾಗಬಹುದು" ಎಂದೆ. ಕಟ್ಟಿದ ಹಣದಲ್ಲಿ ಒಂದು ಭಾಗ ಹೋಯಿತು. ಮಗ ಅದರ ಮಾತೆತ್ತಲಿಲ್ಲ.

ಕಾರಿನಲ್ಲಿ ತಲಾ ನಾಲ್ಕು ಲೀಟರ್ ನೀರು, ಕಂಬಳಿ, ಟಾರ್ಚು, ಫ್ಲಾಸ್ಕಿನಲ್ಲಿ ಬಿಸಿ ಗಂಜಿ, ಜೊತೆಗೆ ಉಪ್ಪಿನಕಾಯಿ. ಮೊಬೈಲ್ ಸಿಗ್ನಲ್ ಸಿಗದ ಜಾಗಗಳಿಗಾಗಿ ಕಾಗದದ ಭೂಪಟ. ಟ್ಯಾಂಕ್ ಅರ್ಧವಾದೊಡನೆ ಪೆಟ್ರೋಲ್ ತುಂಬಿಸುವುದೆಂಬ ನಿಯಮ.

ಟೂಸಾನಿನಲ್ಲಿ ಸವಾರೋ ಎಂಬ ಕಂಬದಂಥ ಕಳ್ಳಿಗಿಡಗಳ ಕಾಡನ್ನೇ ಕಂಡೆವು. ಅದಕ್ಕೆ ಮೊದಲ ಕೈ ಮೂಡಲು 50ರಿಂದ 75 ವರ್ಷ ಬೇಕಂತೆ. ಊರ ಹೊರಗೆ ತೊಹೋನೊ ಓದಮ್ ಜನರ ನೆಲದಲ್ಲಿ ಬಿಳಿಯ ಸಾನ್ ಹವಿಯೆರ್ ದೆಲ್ ಬಾಕ್ ಇಗರ್ಜಿ ಇದೆ. 1692ರಲ್ಲಿ ಯೇಸುಸಭೆಯ ಫಾದರ್ ಕೀನೊ ಸ್ಥಾಪಿಸಿದ ಮಿಷನ್ ಅದು. ಈಗಿನ ಕಟ್ಟಡ 1797ರಲ್ಲಿ ಮುಗಿದದ್ದು. ಒಳಗೆ ಸಂತ ಫ್ರಾನ್ಸಿಸ್ ಕ್ಸೇವಿಯರರ ಮಲಗಿದ ಪ್ರತಿಮೆ. ಜನ ಒಬ್ಬೊಬ್ಬರಾಗಿ ಬಂದು ಅದರ ತಲೆಯನ್ನು ಮೆಲ್ಲನೆ ಎತ್ತಿ ಪ್ರಾರ್ಥಿಸುತ್ತಾರೆ. ಅದೇ ದಿನಗಳಲ್ಲಿ ಹಳೆ ಗೋವಾದಲ್ಲಿ ಅವರ ಪವಿತ್ರ ಶರೀರದ ದರ್ಶನ ನಡೆಯುತ್ತಿತ್ತು. ಅಲ್ಲಿಗೆ ಹೋಗಲಾಗಲಿಲ್ಲವಲ್ಲಾ ಎಂಬ ನನ್ನ ಕೊರಗು ಮರುಭೂಮಿಯ ನಡುವೆ ಕಳೆಯಿತು.

ಐದನೆಯ ದಿನ ಸೆಡೋನಾದಲ್ಲಿ ನಮ್ಮವರಿಗೆ ಬೆಳಿಗ್ಗೆಯೇ ಎದೆ ಬಿಗಿಯಿತು. ಈ ಸಲ ಅವರೇ ಹೇಳಿದರು, "ಇವತ್ತು ಬೇಡ." ಕೆಂಪು ಬಂಡೆಗಳನ್ನು ಕಿಟಕಿಯಿಂದ ನೋಡುತ್ತಾ ಗಂಜಿ ಕುಡಿದು ದಿನ ಕಳೆದೆವು. ಖಾಲಿ ದಿನ ಕೈ ಹಿಡಿಯಿತು.

ಮರುದಿನ ಹನ್ನೊಂದಕ್ಕೆ ನಾವು ಕ್ಯಾನ್ಯನ್ನಿನ ಅಂಚಿನಲ್ಲಿದ್ದೆವು. ಅಲ್ಲಿಯ ಹರ್ಮಿಟ್ ರೋಡಿನಲ್ಲಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮಾತ್ರ ಸ್ವಂತ ಕಾರು ಬಿಡುತ್ತಾರೆ. ಉಳಿದ ತಿಂಗಳು ಬಸ್ಸಿಗೆ ಕಾಯಬೇಕು. ನಡೆಯಲಾಗದವರಿಗೆ ಚಳಿಗಾಲ ಕೊಡುವ ಉಪಕಾರವಿದು. ಇವರು ಕಂಬಳಿ ಹೊದ್ದು ಇಳಿದು, ಕಾಲು ಗಂಟೆ ನಿಂತರು. 1.6 ಕಿಲೋಮೀಟರ್ ಆಳ! ಮೊಮ್ಮಗಳ ಕೈ ಹಿಡಿದು, "ಮೇಲಿನ ಸುಣ್ಣಕಲ್ಲು 27 ಕೋಟಿ ವರ್ಷದ್ದು, ತಳದ ಕಪ್ಪು ಕಲ್ಲು 170 ಕೋಟಿ ವರ್ಷದ್ದು" ಎಂದು ಪಾಠ ಆರಂಭಿಸಿದರು. ನಡುವೆ ಉಸಿರಿಗಾಗಿ ನಿಲ್ಲಿಸಿದಾಗ ಅವಳು ಕಾದಳು. ಮಗ ಸ್ವಲ್ಪ ದೂರ ನಿಂತು ಕೇಳುತ್ತಿದ್ದ.

ಪ್ರಿಯ ಓದುಗರೇ, ನಮ್ಮ ಅನೇಕರ ಮಕ್ಕಳು ಪರದೇಶದಲ್ಲಿದ್ದಾರೆ. ಕರೆದಾಗ ಹೋಗಿ ಬನ್ನಿ. 2026ರಿಂದ ಅಲ್ಲಿಯ ಕೆಲವು ದೊಡ್ಡ ರಾಷ್ಟ್ರೀಯ ಉದ್ಯಾನಗಳಲ್ಲಿ ಪರದೇಶಿಗಳಿಗೆ ಹೆಚ್ಚಿನ ಶುಲ್ಕವಿದೆ, ವಿಚಾರಿಸಿಕೊಳ್ಳಿ. ವಿಮೆ ಮಾಡಿಸುವಾಗ ಹಳೆಯ ಕಾಯಿಲೆಯನ್ನು ಮುಚ್ಚಿಡಬೇಡಿ. ಮಕ್ಕಳಿಂದಲೂ ಮುಚ್ಚಿಡಬೇಡಿ. ಮಂಡಿನೋವು, ಉಬ್ಬಸ, ಸಕ್ಕರೆ ಕಾಯಿಲೆ ಏನಿದ್ದರೂ ಭೂಪಟ ಹರಡಿದ ದಿನವೇ ಹೇಳಿಬಿಡಿ. ಜಾಗಗಳು ಕಡಿಮೆಯಾದಾವು, ಆದರೆ ಮನೆಯವರೆಲ್ಲ ಒಟ್ಟಿಗೆ ಹೋಗಿ ಒಟ್ಟಿಗೆ ಮರಳಬಹುದು.