ಕೋಳಿಯ ಎರಡು ಕೂಗು

ನಾಟಿ ಕೋಳಿ ಹಳ್ಳಿಯ ಬಡವರ ಬ್ಯಾಂಕು. ನನ್ನ ಹೈಸ್ಕೂಲಿನ ನೋಟ್‌ಬುಕ್ಕುಗಳು ಬಂದದ್ದು ಅವ್ವ ಕೋಳಿ ಮಾರಿದ ದುಡ್ಡಿನಿಂದ. ಹದ್ದು ಒಂದು ಮರಿಯನ್ನು ಎತ್ತಿಕೊಂಡು ಹೋದರೆ ನಮಗೆ ನೋಟ್‌ಬುಕ್ಕೇ ಹಾರಿಹೋದಂತೆ.

ನಾವು ಹುಡುಗರು ಕಲ್ಲು ಹಿಡಿದು ಓಡಿದರೆ ಅವ್ವ, "ಅದ್ಕೂ ಮರಿ ಅವೆ ಕಣ್ರಲಾ, ಮೊದ್ಲು ನಮ್ ಮರಿಗೆ ಮರೆ ಮಾಡ್ರಿ" ಎನ್ನುತ್ತಿದ್ದಳು. ಅಂಗಳದ ಅಂಚಿಗೆ ಒಣ ಮುಳ್ಳುಕಂಟಿ ಒಟ್ಟುತ್ತಿದ್ದಳು.

ಇದರ ಹಿಂದಿನ ವಿಜ್ಞಾನ ನನಗೆ ತಿಳಿದದ್ದು ಮೇಷ್ಟ್ರಾದ ಮೇಲೆ. ಆಕಾಶದಲ್ಲಿ ಹದ್ದು ಕಂಡರೆ ಕೋಳಿ ಎಳೆದು ಕೂಗುತ್ತದೆ. ನೆಲದ ಮೇಲೆ ನಾಯಿ, ಮುಂಗುಸಿ ಕಂಡರೆ ಕೊಕ್ ಕೊಕ್ ಎಂದು ಬಿಟ್ಟುಬಿಟ್ಟು ಕೂಗುತ್ತದೆ. ವಿಜ್ಞಾನಿಗಳು ಈ ಕೂಗುಗಳನ್ನು ಧ್ವನಿಮುದ್ರಿಸಿ ಕೋಳಿಗಳಿಗೇ ಕೇಳಿಸಿ, 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಹದ್ದೇ ಇಲ್ಲದಿದ್ದರೂ ಮೊದಲ ಕೂಗಿಗೆ ಕೋಳಿಗಳು ಮರೆಗೆ ಓಡಿದವು. ಎರಡನೆಯದಕ್ಕೆ ಕತ್ತೆತ್ತಿ ಸುತ್ತಲೂ ನೋಡಿದವು.

ಎಚ್ಚರಿಸುವುದು ಹೇಂಟೆಗೆ ಗೊತ್ತು. ಆದರೆ ಗುಡಿಸಿ ಬೋಳಾದ ಅಂಗಳದಲ್ಲಿ ಮರಿ ಓಡುವುದೆಲ್ಲಿಗೆ? ಕಂಟಿಯ ರಾಶಿಯೋ, ಓರೆಯಾಗಿ ನಿಲ್ಲಿಸಿದ ಮಂಕರಿಯೋ ಹತ್ತಿರವಿರಬೇಕು. ಬೆಕ್ಕಿಗೆ, ಹಾವಿಗೆ ಇಷ್ಟು ಸಾಲದು. ಸಂಜೆಯಾಗುತ್ತಲೇ ಸಣ್ಣ ಕಣ್ಣಿನ ಜಾಲರಿಯ ಗೂಡಿಗೆ ಸೇರಿಸಿ ಬಾಗಿಲು ಹಾಕಬೇಕು.

ಮಕ್ಕಳೇ, ಇಲಿಯನ್ನೂ ಸತ್ತ ಪ್ರಾಣಿಯನ್ನೂ ತಿಂದು ಊರನ್ನು ಚೊಕ್ಕಟವಾಗಿಡುವ ಹಕ್ಕಿ ಹದ್ದು. ಒಂದು ಮಂಕರಿಯಿಂದ ಆಗುವ ಕೆಲಸಕ್ಕೆ ಕಲ್ಲೇಕೆ?