ಎರಡು ಸೆಕೆಂಡಿನ ಗುಂಯ್

ಏಪ್ರಿಲ್, ಮಧ್ಯಾಹ್ನ ಎರಡೂವರೆ. ಹೈದರಾಬಾದಿನ ಆರಾಂಘರ್‌ನಿಂದ ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇ ಹತ್ತಿ ಬರುತ್ತಿದ್ದೆ. ಕಂಬಗಳ ಮೇಲೆ ಹನ್ನೊಂದೂವರೆ ಕಿಲೋಮೀಟರ್, ಗಾಡಿ ನಿಲ್ಲಿಸಲು ಜಾಗವಿಲ್ಲ. ಮೊದಲು ಪಿಕಪ್ ಬಿತ್ತು. ಆಕ್ಸಲರೇಟರ್ ಒತ್ತಿದಷ್ಟೂ ಗಾಡಿ ಮುಗ್ಗರಿಸಿತು. ಮೆಹದಿಪಟ್ನಂ ಬದಿಗೆ ಇಳಿಯುತ್ತಿದ್ದಂತೆ ಇಂಜಿನ್ ಸುಮ್ಮನಾಯಿತು. ಸೆಲ್ಫ್ ಹೊಡೆದೆ, ಹೊಡೆದೆ, ಹತ್ತಲಿಲ್ಲ. ಮುಕ್ಕಾಲು ಗಂಟೆ ಬಿಟ್ಟು ಒಂದೇ ಸೆಲ್ಫಿಗೆ ಹತ್ತಿತು, ಏನೂ ಆಗಿಲ್ಲವೆಂಬಂತೆ.

ಅದೇ ವಾರ ಇನ್ನೆರಡು ಸಲ. ಮೂರೂ ಸಲ ಬಿಸಿಲು, ಮೂರೂ ಸಲ ಟ್ಯಾಂಕಿನಲ್ಲಿ ಕಾಲು ಭಾಗದಷ್ಟೇ ಪೆಟ್ರೋಲ್. ಬೆಳಗ್ಗೆ ಆರಕ್ಕೆ ಟ್ಯಾಂಕ್‌ಬಂಡ್ ಮೇಲೆ ಎಷ್ಟು ಓಡಿಸಿದರೂ ತಕರಾರಿಲ್ಲ.

ಅಪ್ಪನಿಗೆ ಕಲಬುರಗಿಗೆ ಫೋನ್ ಮಾಡಿದೆ. "ಪಂಪಿನ ಮ್ಯಾಲ ಹಸಿ ಅರಬಿ ಹಾಕು" ಅಂದರು. ಅಂಬಾಸಡರ್ ಕಾಲದ ಮದ್ದು ಅದು. ಆ ಪಂಪು ಇಂಜಿನ್ನಿಗೇ ಅಂಟಿಕೊಂಡಿರುತ್ತಿತ್ತು, ಟ್ಯಾಂಕಿನಿಂದ ಪೆಟ್ರೋಲನ್ನು ಎಳೆಯುತ್ತಿತ್ತು. ಕಾದರೆ ಎಳೆಯುವ ಕಡೆ ಪೆಟ್ರೋಲ್ ಆವಿಯಾಗುತ್ತಿತ್ತು, ಆವಿಯನ್ನು ಪಂಪು ಹಿಡಿಯಲಾರದು. ನನ್ನದು 2003ರ ಗಾಡಿ, ಫ್ಯುಯೆಲ್ ಇಂಜೆಕ್ಷನ್. ಪಂಪು ಟ್ಯಾಂಕಿನೊಳಗೇ ಮುಳುಗಿ ಕೂತು ಹೊರಕ್ಕೆ ತಳ್ಳುತ್ತದೆ. ಹಸಿ ಬಟ್ಟೆ ಹಾಕುವುದೆಲ್ಲಿ?

ಕರೆಂಟಿನ ಮೋಟರು ಪೆಟ್ರೋಲಿನೊಳಗೆ ತಿರುಗುತ್ತದೆ, ಒಳಗೆ ಬ್ರಷ್ಷುಗಳು ಕಿಡಿ ಹಾರಿಸುತ್ತವೆ, ಆದರೂ ಬೆಂಕಿ ಇಲ್ಲ. ಉರಿಯಲು ಗಾಳಿ ಬೇಕು, ಅಲ್ಲಿ ಗಾಳಿಯಿಲ್ಲ. ಟ್ಯಾಂಕಿನ ಮೇಲ್ಭಾಗದ ಆವಿಯೂ ಸಾಮಾನ್ಯವಾಗಿ ಹೊತ್ತಲಾರದಷ್ಟು ದಟ್ಟ. ಇದನ್ನು ಓದಿ ತಿಳಿದ ಮೇಲೂ ಸೀಟಿನ ಕೆಳಗೆ ಅದು ತಿರುಗುತ್ತಿದೆ ಎಂದು ನೆನೆದರೆ ಬೆರಗು ಕಡಿಮೆಯಾಗುವುದಿಲ್ಲ. ಸುತ್ತಲಿನ ಪೆಟ್ರೋಲೇ ಅದಕ್ಕೆ ತಂಪು. ಕಾಲು ಟ್ಯಾಂಕಿನ ಗುಟ್ಟು ಇಲ್ಲಿರಬಹುದು.

ಗ್ಯಾರೇಜಿನಲ್ಲಿ ಉಸ್ತಾದ್ ಯಾವ ಹತ್ಯಾರನ್ನೂ ಮುಟ್ಟಲಿಲ್ಲ. ಹಿಂದಿನ ಸೀಟಿನ ಮೇಲೆ ಬಾಗಿ, ಕಿವಿ ಒತ್ತಿ, ಕೀ ತಿರುಗಿಸು ಎಂದು ಕೈಸನ್ನೆ ಮಾಡಿದರು. ಇಂಜಿನ್ ಹೊಡೆಯದೆ ಬರೀ ಕೀ. ಗುಂಯ್... ಎರಡು ಸೆಕೆಂಡು, ನಿಂತಿತು. ಇಪ್ಪತ್ತು ವರ್ಷ ಕೂತ ಗಾಡಿಯಲ್ಲಿ ಆ ಸದ್ದನ್ನು ನಾನು ಕೇಳಿಸಿಕೊಂಡೇ ಇರಲಿಲ್ಲ. ಲೈನಿನಲ್ಲಿ ಒತ್ತಡ ತುಂಬುವ ಸದ್ದಂತೆ. ತಣ್ಣಗಿದ್ದಾಗ ಸ್ಪಷ್ಟ. ಬಿಸಿಲಲ್ಲಿ ಒಂದು ಗಂಟೆ ಸುತ್ತಿಸಿ ತಂದಾಗ ಅದೇ ಸದ್ದು ನರಳುವಂತಿತ್ತು.

"ಕರೆಂಟ್ ಹೈ, ಪೆಟ್ರೋಲ್ ನೈ ಆರಾ." ಪ್ಲಗ್ ಬಿಚ್ಚಿ ನೋಡಿದರು, ಕಿಡಿ ಚೆನ್ನಾಗಿತ್ತು. ಕಾದಾಗ ಕ್ರ್ಯಾಂಕ್ ಸೆನ್ಸರ್ ಕೈಕೊಟ್ಟರೂ ಗಾಡಿ ಹೀಗೇ ನಿಲ್ಲುತ್ತದೆ, ಆದರೆ ಆಗ ಕಿಡಿಯೂ ಬರುವುದಿಲ್ಲ. ಹಾಗಾಗಿ ಅದು ಪಟ್ಟಿಯಿಂದ ಹೊರಗೆ. ಹಾರ್ನಿನ ರಿಲೇ ತೆಗೆದು ಪಂಪಿನ ರಿಲೇ ಜಾಗಕ್ಕೆ ಹಾಕಿದರು, ಫಲವಿಲ್ಲ. ಲೈನಿಗೆ ಗೇಜ್ ಕಟ್ಟಿದರು. ಮುಳ್ಳು ಮೂರು ಬಾರ್ ಸುಮಾರಿಗೆ ನಿಲ್ಲಬೇಕಿತ್ತು, ಒಂದೂಕಾಲು ದಾಟಲಿಲ್ಲ. ಟ್ಯಾಂಕಿನ ತಳಕ್ಕೆ ರಬ್ಬರ್ ಸುತ್ತಿಗೆಯಿಂದ ಎರಡು ಮೆಲ್ಲನೆ ಏಟು. ಮುಳ್ಳು ಎದ್ದಿತು! ಸವೆದ ಬ್ರಷ್ಷು ಏಟಿಗೆ ಮತ್ತೆ ಸರಿಯಾಗಿ ಕೂತಿರಬೇಕು ಎಂದರು.

ರಾಣಿಗಂಜ್‌ನಿಂದ ಹೊಸ ಪಂಪು ತಂದೆ. ಬ್ಯಾಟರಿ ಬಿಚ್ಚಿ, ಸೀಟೆತ್ತಿ, ದುಂಡು ಮುಚ್ಚಳ ತೆಗೆದರು. ಹಳೆಯದನ್ನು ದೂರಕ್ಕೊಯ್ದು, ಒರೆಸಿ ಗಾಳಿಗಿಟ್ಟು ಒಣಗಿಸಿ, ಬೇರೆ ಬ್ಯಾಟರಿಗೆ ಒಂದೇ ಕ್ಷಣ ಮುಟ್ಟಿಸಿದರು. ಒಣಗಿದ ಪಂಪು ಓಡುತ್ತ ಬಿಟ್ಟರೆ ಕೆಡುತ್ತದೆ. ಅದು ಗಿರ್ರನೆ ತಿರುಗಿತು.

ನನಗೆ ತಲೆ ಕೆಟ್ಟಿತು. ಉಸ್ತಾದ್ ಮಾತ್ರ ಮುಚ್ಚಳದ ಕನೆಕ್ಟರನ್ನು ಬೆಳಕಿಗೆ ಹಿಡಿದರು. ಒಂದು ಪಿನ್ ಕಪ್ಪು, ಸುತ್ತಲಿನ ಬಿಳಿ ಪ್ಲಾಸ್ಟಿಕ್ ಚಹಾದ ಬಣ್ಣಕ್ಕೆ ತಿರುಗಿತ್ತು. ಬಿಸಿಯಲ್ಲಿ ಅಳೆದಾಗ ಬ್ಯಾಟರಿಯಲ್ಲಿ ಹನ್ನೆರಡೂವರೆ ವೋಲ್ಟ್ ಇದ್ದದ್ದು ಪಂಪಿನ ಹತ್ತಿರ ಒಂಬತ್ತೂವರೆಗೆ ಇಳಿದಿತ್ತು. ಗುರುತು ಹಾಕಿಕೊಂಡಿದ್ದೆ, ಅರ್ಥವಾಗಿರಲಿಲ್ಲ. ಪಿನ್ನು ಸಡಿಲವಾಗಿ ಕಾದು, ಕಪ್ಪಾಗಿ, ಕರೆಂಟನ್ನು ತಡೆದು ಪಂಪನ್ನು ಸೊರಗಿಸಿತೇ? ಅಥವಾ ಮುಪ್ಪಾದ ಪಂಪು ಹೆಚ್ಚು ಕರೆಂಟ್ ಎಳೆದೆಳೆದು ಪಿನ್ನನ್ನೇ ಸುಟ್ಟಿತೇ? ಸುತ್ತಿಗೆಯ ಏಟು ಬ್ರಷ್ಷನ್ನಲ್ಲ, ಪಿನ್ನನ್ನು ಅಲುಗಿಸಿದ್ದರೆ?

ಮೂರನೆಯ ಅನುಮಾನವೂ ಉಂಟು. ಒಳಗಿನ ಸಣ್ಣ ರಬ್ಬರ್ ಪೈಪು ಉಗುರು ಊರಿದರೆ ಗುರುತು ಉಳಿಯುವಷ್ಟು ಮೆತ್ತಗಾಗಿತ್ತು. ಈಗ ಬಂಕುಗಳಲ್ಲಿ ಬರುವುದು ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಹಳೆಯ ಕೆಲವು ಗಾಡಿಗಳಲ್ಲಿ 20,000–30,000 ಕಿ.ಮೀ. ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದು 2025ರಲ್ಲಿ ಪೆಟ್ರೋಲಿಯಂ ಸಚಿವಾಲಯವೇ ಹೇಳಿತು. ಪೈಪು ಸೋರಿದರೂ ಒತ್ತಡ ಬೀಳುತ್ತದೆ.

ಪಂಪು, ಪಿನ್ನು, ಪೈಪು ಮೂರನ್ನೂ ಒಟ್ಟಿಗೇ ಬದಲಿಸಿದೆವು. ಗಾಡಿ ಸರಿಯಾಯಿತು, ಕಾರಣ ಕೈತಪ್ಪಿತು. ಒಂದೊಂದಾಗಿ ಬದಲಿಸಿದ್ದರೆ ತಿಳಿಯುತ್ತಿತ್ತು ಎಂಬ ಕೊರಗು ಹೋಗಿಲ್ಲ.

ಮೇ ಮೊದಲ ವಾರ. ಹಳೆಯ ಪಂಪು, ಕಪ್ಪು ಪಿನ್ನಿನ ಕನೆಕ್ಟರ್ ಎರಡೂ ಬಾಲ್ಕನಿಯ ಡಬ್ಬಿಯಲ್ಲಿವೆ. ಭಾನುವಾರ ಜಹೀರಾಬಾದ್ ಮೇಲೆ ಬೀದರಿಗೆ ಹೋಗುವುದಿದೆ. ಸಂಗಾರೆಡ್ಡಿ ದಾಟಿ, ಮಧ್ಯಾಹ್ನದ ಬಿಸಿಲಲ್ಲಿ, ಕಾಲು ಟ್ಯಾಂಕಿನಲ್ಲಿ ನಿಲ್ಲಿಸಿ ಹೊಸ ಪಿನ್ನನ್ನು ಮುಟ್ಟಿ ನೋಡಬೇಕು. ಮೀಟರ್ ಚೀಲದಲ್ಲಿಟ್ಟಿದ್ದೇನೆ.